ಹೊರಟು ನಿಂತವನು

ಗಂಡ ದುಬೈಯಲ್ಲಿದ್ದು ಹೆಂಡತಿ ಊರಲ್ಲಿ ಕಾದರೆ ಪುಂಜಾಲಕಟ್ಟೆಯಲ್ಲಿ ಅದು ಯಾರಿಗೂ ಸುದ್ದಿಯಲ್ಲ. ಹೆಂಡತಿ ಅಮೆರಿಕದಲ್ಲಿದ್ದು ಗಂಡ ಊರಲ್ಲಿ ಕಾದರೆ ಮಾತ್ರ ಮೀನು ಕೊಳ್ಳಲು ಹೋದಲ್ಲಿಯೂ ವಿಚಾರಣೆ ನಡೆಯುತ್ತದೆ. ಶೋಧನ್‌ಗೆ ಮದುವೆಯಾಗಿ ನಾಲ್ಕು ವರ್ಷ ತುಂಬುತ್ತ ಬಂದಿತ್ತು. ಹೆಂಡತಿ ದೀಪಶ್ರೀ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್; ಮದುವೆಗೆ ಮುಂಚೆಯೇ ಅಲ್ಲಿ ಕಾಯಂ ನೆಲೆಸುವ ಹಕ್ಕು ಪಡೆದವಳು. ರಜೆಯಲ್ಲಿ ಬಂದು, ತನ್ನ ತವರಾದ ಮೂಡುಬಿದಿರೆಯ ಹಾಲ್‌ನಲ್ಲಿ ಧಾರೆ ಎರೆಸಿಕೊಂಡು, ಮೂರು ವಾರ ಸಂಸಾರ ಮಾಡಿ, ಹೋದ ಕೂಡಲೇ ನಿಮ್ಮ ವೀಸಾಕ್ಕೆ ಅರ್ಜಿ ಹಾಕುತ್ತೇನೆ ಎಂದು ವಿಮಾನ ಹತ್ತಿದ್ದಳು. ಹೇಳಿದಂತೆ ಹಾಕಿದಳು. ಆಮೇಲಿನದೆಲ್ಲ ಕಾಯುವುದೇ.

ತಪ್ಪು ಶೋಧನ್‌ನದೂ ಇತ್ತು. ಅರ್ಜಿ ಮಂಜೂರಾಯಿತೆಂಬ ಸುದ್ದಿ ಬಂದ ದಿನವೇ ಇನ್ನು ಪೆಟ್ಟಿಗೆ ಕಟ್ಟುವುದೊಂದೇ ಬಾಕಿ ಎಂದು ತಿಳಿದು ಸಹಕಾರಿ ಸಂಘದ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟ. ಮಂಜೂರಾದ ಮೇಲೆಯೂ ಸರದಿ ಎಂಬುದೊಂದು ಇರುತ್ತದೆ, ಅದು ವರ್ಷಗಟ್ಟಲೆ ಅಲುಗದೆ ನಿಲ್ಲುತ್ತದೆ ಎಂಬುದು ಅವನಿಗೆ ತಿಳಿದದ್ದು ಬೀಳ್ಕೊಡುಗೆ ಮುಗಿದ ಮೇಲೆ. ಸಂಘದವರು ಕೋರಿ ರೊಟ್ಟಿ ಊಟ ಹಾಕಿ, ಶಾಲು ಹೊದೆಸಿ, ‘ವಿದೇಶಕ್ಕೆ ತೆರಳುತ್ತಿರುವ ಶೋಧನ್ ಅವರಿಗೆ ಪ್ರೀತಿಯಿಂದ’ ಎಂದು ಬರೆಸಿದ ಗೋಡೆ ಗಡಿಯಾರ ಕೊಟ್ಟಿದ್ದರು. ಆ ಗಡಿಯಾರದ ಬ್ಯಾಟರಿಯನ್ನು ಅವನು ಈಗಾಗಲೇ ಎರಡು ಸಲ ಬದಲಿಸಿದ್ದ. ಭಾಷಣ ಮಾಡಿದವರು ಎದುರು ಸಿಕ್ಕರೆ ಅವನು ಮೊಬೈಲ್ ಕಿವಿಗೆ ಹಿಡಿದು ರಸ್ತೆ ದಾಟುತ್ತಿದ್ದ.

ಎಲ್ಲರಿಂದ ಹೀಗೆ ತಪ್ಪಿಸಿಕೊಂಡರೂ ಶೇಖರನಿಂದ ಆಗುತ್ತಿರಲಿಲ್ಲ. ಶೇಖರನೆಂದರೆ ಎರಡು ದನ ಕಟ್ಟಿಕೊಂಡು, ಬೆಳಿಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ಸಿಕ್ಕಿಸಿ ಡೈರಿಗೂ ಅದರಾಚೆಯ ಹೋಟೆಲಿಗೂ ಹೋಗುವ, ತಲೆಗೆ ಸದಾ ಕೆಂಪು ಮಂಕಿ ಟೋಪಿ ಹಾಕುವ ನೆರೆಯವನು. ಶೋಧನ್ ಗೇಟಿನ ಬಳಿ ಕಂಡರೆ ಸಾಕು, ಸೈಕಲ್ ನಿಧಾನ ಮಾಡಿ, ‘ವೀಸಾ ಬಂತಾ?’ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಶೋಧನ್‌ಗೆ ಸಿಟ್ಟು ಮಾಡಲು ಒಂದು ಕಾರಣವಾದರೂ ಸಿಗುತ್ತಿತ್ತು. ಇಲ್ಲ ಎಂದರೆ ಶೇಖರ ನಿಜವಾಗಿ ಬೇಸರಪಟ್ಟು, ಬರ್ತದೆ ಬಿಡಿ ಎಂದು ಸಮಾಧಾನ ಹೇಳುತ್ತಿದ್ದ. ಹಾಲು ಮಾರುವವನ ಸಮಾಧಾನವನ್ನು ದಿನಾ ಹೊತ್ತುಕೊಂಡು ಒಳಗೆ ಹೋಗಬೇಕಲ್ಲ ಎಂಬುದು ಶೋಧನ್‌ನ ನಾಚಿಕೆ. ಹೆಂಡತಿ ಕೊಡಿಸಿದ ಕಾರು, ಹೆಂಡತಿ ಕಳಿಸಿದ ಬಟ್ಟೆ, ಹೆಂಡತಿ ಕಟ್ಟುವ ಕರೆಂಟು ಬಿಲ್ಲು. ಮೂವತ್ತಾರು ವರ್ಷದ ಗಂಡಸು ಎಂದು ಹೇಳಿಕೊಳ್ಳಲು ಅವನದೆಂದು ಉಳಿದಿದ್ದದ್ದು ಆ ಗಡಿಯಾರ ಒಂದೇ.

ಮದುವೆಯನ್ನೂ ಅವನು ಸಾಬೀತು ಮಾಡಬೇಕಾಗಿತ್ತು. ಊರಿಡೀ ಉಂಡುಹೋದ ಮದುವೆಗೆ ಸಾಕ್ಷಿ ಸಾಲದೆಂದು ಅಲ್ಲಿನ ವಕೀಲರು ಹೇಳಿದ್ದರು. ಮೂರು ವಾರದ ಸಂಸಾರವನ್ನು ಅಧಿಕಾರಿ ನಂಬಬೇಕಾದರೆ ಗಂಡ ಹೆಂಡಿರು ಮಾತಾಡುತ್ತಾರೆ, ನಗುತ್ತಾರೆ, ಬಂಧುಗಳು ಇವರನ್ನು ಜೋಡಿ ಎಂದು ಒಪ್ಪಿ ಹರಸುತ್ತಾರೆ ಎಂಬುದಕ್ಕೆಲ್ಲ ಪುರಾವೆ ಇರಬೇಕಂತೆ. ದೀಪಶ್ರೀ ಡಾಕ್ಟರು ಬರೆದ ಔಷಧಿಯನ್ನು ಹೊತ್ತು ತಪ್ಪಿಸದೆ ಕೊಡುವ ಜಾತಿಯವಳು. ವಿಡಿಯೋ ಕರೆ ಮಾಡಿದ ಕೂಡಲೇ ‘ನಗಿ’ ಎನ್ನುತ್ತಿದ್ದಳು, ಅವನು ನಗುತ್ತಿದ್ದ, ಪರದೆಯ ಫೋಟೋ ಹೊಡೆದ ಮೇಲೆ ಮಾತು ಶುರು. ಹಬ್ಬ ಹುಣ್ಣಿಮೆಗೆ ಬಂಧುಗಳಿಂದ ಶುಭಾಶಯ ಹೇಳಿಸಿಕೊಳ್ಳುವುದೂ ಅವಳ ಪಾಲಿನ ಕೆಲಸವಾಗಿತ್ತು. ಮೊದಮೊದಲು ಶೋಧನ್‌ಗೆ ಇದು ತಮಾಷೆ ಎನಿಸಿದ್ದರೆ, ಬರಬರುತ್ತ ಆ ನಗು ಮುಖಕ್ಕೆ ರೂಢಿಯಾಯಿತು. ಅವಳು ಫೋಟೋ ತೆಗೆದಳೋ ಇಲ್ಲವೋ ಎಂದು ಗಮನಿಸುವುದನ್ನೂ ಅವನು ಬಿಟ್ಟಿದ್ದ.

ಕೊನೆಗೂ ಮುಂಬೈಯಲ್ಲಿ ಸಂದರ್ಶನದ ದಿನ ಗೊತ್ತಾಯಿತು. ತನ್ನ ಮೇಲೆ ಯಾವ ಪ್ರಕರಣವೂ ಇಲ್ಲವೆಂದು ಪೊಲೀಸರಿಂದ ಪತ್ರ ತರಬೇಕಿತ್ತು. ಅದೊಂದು ಆದರೆ ಆಯಿತು. ಅವನ ತಾಯಿ ಕಾಂತಿಯವರು ಪೊಳಲಿಯ ದೇವಿಗೆ ಹೂವಿನ ಪೂಜೆ ಹೇಳಿಕೊಂಡರು. ಶೋಧನ್ ಮಾತ್ರ ಯಾರಿಗೂ ಹೇಳಲಿಲ್ಲ. ಈ ಸಲ ಹೇಳದೆ ಹೊರಟುಬಿಡಬೇಕು, ವಿಮಾನ ಏರಿದ ಮೇಲೆ ಊರಿಗೆ ಗೊತ್ತಾಗಬೇಕು ಎಂಬುದು ಅವನ ಸಂಕಲ್ಪವಾಗಿತ್ತು.

ಮದುವೆಯಾಗಿ ನಾಲ್ಕು ವರ್ಷ ತುಂಬುವ ದಿನ ಬಂತು. ಕಾಂತಿಯವರು ಹಿಂದಿನ ದಿನವೇ ಬೆಳ್ತಂಗಡಿಯ ತಂಗಿಯ ಮನೆಗೆ ಹೋಗಿದ್ದರು. ಅವರನ್ನು ಕಾರಿನಲ್ಲಿ ಬಿಟ್ಟು ಬಂದದ್ದು ನೆರೆಯ ಡ್ರೈವರು ರುಕ್ಮಯ್ಯ. ಬೆಳಿಗ್ಗೆ ಶೋಧನ್ ಒಬ್ಬನೇ ಕಾರು ತೆಗೆದ. ಬಿ.ಸಿ.ರೋಡಿನ ಸ್ಟುಡಿಯೋದಲ್ಲಿ ವೀಸಾದ ಫೋಟೋ ತೆಗೆಸಿ, ಅಲ್ಲಿಂದ ಮೂಡುಬಿದಿರೆಗೆ ಹೋಗಿ ಮಾವನ ಮನೆಯಲ್ಲಿ ಊಟ ಮಾಡುವುದೆಂದಿತ್ತು. ದಾರಿಯಲ್ಲಿ ದೀಪಶ್ರೀಯ ಕರೆ ಬಂತು. ಅಲ್ಲಿ ರಾತ್ರಿ, ಡ್ಯೂಟಿ ಮುಗಿಸಿ ಬಂದಿದ್ದಳು, ಸಾಕಾಗಿತ್ತು, ಆದರೂ ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದಳು. ಮೊಬೈಲ್ ಕಾರಿನ ಸ್ಟ್ಯಾಂಡಿನಲ್ಲಿತ್ತು. ಅವನು ನಕ್ಕ. ಮುಂದಿನ ವರ್ಷ ಈ ದಿನ ಒಟ್ಟಿಗೆ ಎಂದಳು. ಡೈರಿ ದಾಟಿದ ಮೇಲಿನ ತಿರುವಿನಲ್ಲಿ ಮಂಜು ದಟ್ಟವಾಗಿತ್ತು. ನೆಟ್‌ವರ್ಕ್ ಕೈಕೊಟ್ಟು ಅವಳ ಮುಖ ಅರ್ಧ ಮಾತಿನಲ್ಲೇ ನಿಂತುಹೋಯಿತು. ಏನಾಯಿತೆಂದು ಅವನು ಪರದೆಯತ್ತ ಬಾಗಿ ನೋಡಿದ.

ಸದ್ದು ದೊಡ್ಡದೇನೂ ಆಗಲಿಲ್ಲ. ಸೈಕಲ್ ಒಂದು ಕಡೆ, ಕ್ಯಾನು ಒಂದು ಕಡೆ ಹೋಯಿತು. ಶೋಧನ್ ಬ್ರೇಕ್ ಹಾಕಿ ಕನ್ನಡಿಯಲ್ಲಿ ನೋಡಿದ. ಟಾರಿನ ಮೇಲೆ ಹಾಲು ಹರಡುತ್ತಿತ್ತು. ಅಂಚಿನ ಹುಲ್ಲಿನಲ್ಲಿ ಕೆಂಪು ಟೋಪಿ ಕಂಡಿತು. ಒಂದು ಕೈ ಮೇಲೆದ್ದು ಮತ್ತೆ ಕೆಳಗೆ ಬಿತ್ತು. ಅದು ಯಾರೆಂದು ಅವನಿಗೆ ತಿಳಿಯಿತು, ಆ ಕೈ ಕರೆಯುತ್ತಿದೆ ಎಂಬುದೂ ತಿಳಿಯಿತು. ಅಷ್ಟು ತಿಳಿದೂ ಅವನು ಕಾಲನ್ನು ಬ್ರೇಕಿನಿಂದ ತೆಗೆದು ಪಕ್ಕದ ಪೆಡಲಿನ ಮೇಲಿಟ್ಟ. ಮುಂದೆ ಏನೆಲ್ಲ ಮಾಡಿದರೂ ಅವನಿಗೆ ಮತ್ತೆ ಮತ್ತೆ ನೆನಪಾದದ್ದು ಹಾಗೆ ಕಾಲು ಸರಿಸಿದ್ದೇ.

ಗೇರು ಗುಡ್ಡದ ಮಣ್ಣು ದಾರಿ ಹಿಡಿದು ಸುತ್ತಿ ಮನೆಗೆ ಬಂದ. ದಾರಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಸಿಗಲಿಲ್ಲ. ಬಚ್ಚಲಿಗೆ ಹೋಗಿ ಕೈ ತೊಳೆದ. ಕೈಗೆ ಏನೂ ಆಗಿರಲಿಲ್ಲ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲಾಗಲಿಲ್ಲ. ಡಿಕ್ಕಿ ಹೊಡೆದು ಓಡಿಹೋದ ಕೇಸು. ಅಂಥದ್ದು ಇದ್ದರೆ ಪೊಲೀಸರ ಪತ್ರ ಸಿಗುವುದಿಲ್ಲ, ಪತ್ರವಿಲ್ಲದೆ ವೀಸಾ ಇಲ್ಲ, ಕೋರ್ಟು ಮುಗಿಯುವ ಹೊತ್ತಿಗೆ ಸರದಿಯಲ್ಲಿ ಮತ್ತೆ ಎಲ್ಲಿಗೆ ಬೀಳುತ್ತಾನೋ. ಇನ್ನೂ ನಾಲ್ಕು ವರ್ಷ ಮೀನಿನ ಅಂಗಡಿಯಲ್ಲಿ ಉತ್ತರ ಕೊಡಬೇಕು. ಆಶ್ಚರ್ಯವೆಂದರೆ ಇಷ್ಟು ನಾಚಿಕೆಯ ನಡುವೆಯೂ ಅವನ ತಲೆ ಚೆನ್ನಾಗಿ ಓಡುತ್ತಿತ್ತು. ಸಂಘದಲ್ಲಿ ಕೂತು ಲೆಕ್ಕ ಹೊಂದಿಸುತ್ತಿದ್ದ ತಲೆ ಅದು. ಬಹಳ ದಿನದಿಂದ ಕೆಲಸವಿಲ್ಲದೆ ಇತ್ತು.

ರುಕ್ಮಯ್ಯ ಹಿತ್ತಲಾಚೆಯ ಮನೆಯವನು. ಮೂವತ್ತು ವರ್ಷ ಸರ್ವಿಸ್ ಬಸ್ಸು ಓಡಿಸಿ ಬಿಟ್ಟವನು, ಈಗ ಕರೆದವರ ಕಾರು ಓಡಿಸುತ್ತಾನೆ. ಶೋಧನ್‌ನ ಕಾರನ್ನು ತೊಳೆಯುವುದು, ಗಾಳಿ ಹಾಕಿಸುವುದು, ಕಾಂತಿಯವರನ್ನು ಕರೆದೊಯ್ಯುವುದು ಎಲ್ಲವೂ ಅವನೇ. ಆ ಕಾರಿನಲ್ಲಿ ರುಕ್ಮಯ್ಯನನ್ನು ಕಂಡರೆ ಊರಲ್ಲಿ ಯಾರೂ ಎರಡನೆಯ ಸಲ ನೋಡುವುದಿಲ್ಲ. ನಿನ್ನೆ ಬೆಳ್ತಂಗಡಿಯವರೆಗೂ ನೂರಾರು ಜನ ನೋಡಿದ್ದಾರೆ. ಅವನ ಹೆಂಡತಿ ತೀರಿಹೋಗಿದ್ದಾಳೆ, ಮಗಳು ನರ್ಸಿಂಗ್ ಓದಲು ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಳೆ. ಇವತ್ತು ಬೆಳಿಗ್ಗೆ ಅವನು ಶೀತವೆಂದು ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ಅವನು ಮನೆಯಲ್ಲಿದ್ದನೆಂದು ಹೇಳುವವರು ಯಾರೂ ಇಲ್ಲ. ಆ ತಿರುವಿನಲ್ಲಿ ಕ್ಯಾಮೆರಾ ಇಲ್ಲ. ಪೆಟ್ರೋಲ್ ಬಂಕಿನ ಕ್ಯಾಮೆರಾ ಇನ್ನೂ ಆಚೆ. ಮಂಜು ಇತ್ತು. ಇಷ್ಟು ಹೊಂದಿಸಿದ ಮೇಲೆ ಶೋಧನ್ ಹಿತ್ತಲು ದಾಟಿದ.

ರುಕ್ಮಯ್ಯ ಮೆಣಸಿನ ಕಷಾಯ ಕುಡಿಯುತ್ತ ಕೂತಿದ್ದ. ಶೋಧನ್ ಎಲ್ಲವನ್ನೂ ಹೇಳಿದ. ಹೇಳಲು ಅಂದುಕೊಂಡಿದ್ದಕ್ಕಿಂತ ಕಡಿಮೆ ಮಾತು ಸಾಕಾಯಿತು. ರುಕ್ಮಯ್ಯ ಕೇಳಿದ್ದು ಒಂದೇ.

“ಶೇಖರ ಬದುಕಿದ್ದಾನಾ?”

“ಗೊತ್ತಿಲ್ಲ.”

“ಗೊತ್ತಿಲ್ವಾ? ನಿಲ್ಲಿಸಲಿಲ್ವಾ ಸಣ್ಣ ಧನಿ?”

ಚಿಕ್ಕಂದಿನಿಂದ ಅವನನ್ನು ರುಕ್ಮಯ್ಯ ಕರೆಯುವುದು ಹಾಗೆ, ಸಣ್ಣ ಯಜಮಾನ ಎಂದು. ಶೋಧನ್ ತಲೆ ತಗ್ಗಿಸಿದ. ನೆಲದಲ್ಲಿ ಇರುವೆಗಳು ಸಾಲಾಗಿ ಹೋಗುತ್ತಿದ್ದವು; ಅವುಗಳನ್ನೇ ನೋಡುತ್ತ, ಕೇಸು ತನ್ನ ಮೇಲೆ ಬಿದ್ದರೆ ಏನಾಗುತ್ತದೆಂದು ವಿವರಿಸಿದ. ರುಕ್ಮಯ್ಯನ ಮೇಲೆ ಬಿದ್ದರೆ ಸ್ಟೇಷನ್ನಿನಲ್ಲೇ ಜಾಮೀನು, ವಿಮೆ ಇದೆ, ವಕೀಲರ ಖರ್ಚು ತನ್ನದು ಎಂದ. ಆಮೇಲೆ, ಹೇಳಬಾರದೆಂದು ದಾರಿಯಲ್ಲೇ ನಿರ್ಧರಿಸಿದ್ದನ್ನೂ ಹೇಳಿದ. ರುಕ್ಮಯ್ಯನ ಮಗಳ ಓದು ಮುಗಿದ ಮೇಲೆ ಅವಳಿಗೆ ಅಲ್ಲಿಗೆ ದಾರಿ ಮಾಡಿಕೊಡುವುದಾಗಿ ದೀಪಶ್ರೀ ಮಾತು ಕೊಟ್ಟಿದ್ದಳು. ತಾನು ಅಲ್ಲಿಗೆ ಹೋದರೆ ಆ ಕೆಲಸ ಬೇಗ ಆಗುತ್ತದೆ ಎಂದ. ಅಂದರೆ ತಾನು ಹೋಗದಿದ್ದರೆ ಏನಾಗುತ್ತದೆಂಬುದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ರುಕ್ಮಯ್ಯ ಕಷಾಯದ ಲೋಟವನ್ನು ಕೆಳಗಿಟ್ಟ.

“ಓಡಿಸಿದ್ದು ನಾನು ಅಂತ ಹೇಳ್ತೇನೆ. ಅದು ಕಷ್ಟ ಇಲ್ಲ, ಡ್ರೈವರಿನ ಕೈಯಲ್ಲಿ ಯಾವಾಗಲಾದರೂ ಆಗುವಂಥದ್ದೇ. ನಿಲ್ಲಿಸದೆ ಬಂದದ್ದು ನಾನು ಅಂತ ಹೇಳ್ಲಿಕ್ಕೆ ಬಾಯಿ ಬರ್ತದಾ ನೋಡ್ಬೇಕು.”

ಶೋಧನ್‌ಗೆ ನೆಲ ಬಾಯಿ ಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ನೆಲ ಬಿಡಲಿಲ್ಲ, ಅವನೂ ತನ್ನ ಯೋಜನೆ ಬಿಡಲಿಲ್ಲ.

ಮುಂದಿನದೆಲ್ಲ ಅವನು ಸಮಾಧಾನದಿಂದ ಮಾಡಿದ. ರುಕ್ಮಯ್ಯ ಕುಳ್ಳನಾದ್ದರಿಂದ ಕಾರಿನ ಸೀಟನ್ನು ಮುಂದಕ್ಕೆ ಎಳೆದು, ಕನ್ನಡಿಗಳನ್ನು ಅವನ ಕಣ್ಣಿನ ಮಟ್ಟಕ್ಕೆ ತಿರುಗಿಸಿದ. ಮೊಬೈಲ್ ಇಡುವ ಸ್ಟ್ಯಾಂಡನ್ನು ಕಿತ್ತು ಕಪಾಟಿನೊಳಗೆ ಹಾಕಿದ. ರುಕ್ಮಯ್ಯನದು ಬಟನ್ ಫೋನು, ಅವನಿಗೆ ಸ್ಟ್ಯಾಂಡು ಏಕೆ? ಇಂಥ ಸೂಕ್ಷ್ಮ ಹೊಳೆದದ್ದಕ್ಕೆ ತನ್ನ ಬಗ್ಗೆ ಒಂದಿಷ್ಟು ಹೆಮ್ಮೆಯೂ ಆಯಿತು, ಆ ಹೆಮ್ಮೆಗೆ ನಾಚಿಕೆಯೂ ಆಯಿತು. ಕೊನೆಗೆ ಉಳಿದದ್ದು ಮೊಬೈಲ್. ಬೆಳಗಿನ ಕರೆಯ ಗುರುತನ್ನು ಅಳಿಸಿದ. ಅಷ್ಟು ಸಾಲದೆಂದು ಮೊಬೈಲನ್ನು ಅಂಗಳದ ಕಲ್ಲು ಮೆಟ್ಟಿಲ ಮೇಲೆ ಬೀಳಿಸಿದ, ಪರದೆ ಕಪ್ಪಾಗುವವರೆಗೆ ಮತ್ತೊಮ್ಮೆ ಬೀಳಿಸಿದ. ನಿನ್ನೆ ಸಂಜೆಯೇ ಬಿದ್ದು ಹಾಳಾದ ಮೊಬೈಲ್ ಇದು. ಹಾಗಾಗಿ ಬೆಳಿಗ್ಗೆ ಯಾರೊಡನೆಯೂ ಮಾತಿಲ್ಲ, ಮನೆ ಬಿಟ್ಟು ಹೊರಟಿಲ್ಲ. ಕೀಲಿ ನಿನ್ನೆಯಿಂದ ರುಕ್ಮಯ್ಯನ ಹತ್ತಿರವೇ ಇತ್ತು. ಬೆಳಿಗ್ಗೆ ಗಾಳಿ ಹಾಕಿಸಲು ಬಿ.ಸಿ.ರೋಡಿಗೆ ಹೊರಟ, ತಿರುವಿನಲ್ಲಿ ಹೀಗಾಯಿತು, ಹೆದರಿ ಮನೆಗೆ ಬಂದ, ಮಾಲೀಕನೇ ಬುದ್ಧಿ ಹೇಳಿ ಸ್ಟೇಷನ್ನಿಗೆ ಕರೆತಂದ.

ದೀಪಶ್ರೀಯ ವಿಷಯವನ್ನೂ ಅವನು ಮರೆತಿರಲಿಲ್ಲ. ಅವನು ಕಾರಿನಲ್ಲಿದ್ದದ್ದು ಅವಳೊಬ್ಬಳಿಗೆ ಗೊತ್ತು. ಆದರೆ ಅವಳು ನಿದ್ದೆಗೆ ಬಿದ್ದಿರುತ್ತಾಳೆ, ಎದ್ದರೆ ಎರಡು ದಿನ ಒಂದೇ ಸಮನೆ ಡ್ಯೂಟಿ. ಮೊಬೈಲ್ ಸರಿಯಾದ ಮೇಲೆ, ನಿನ್ನ ಕರೆ ಕಟ್ಟಾದ ಮೇಲೆ ಹೊಟ್ಟೆ ಸರಿಯಿಲ್ಲವೆಂದು ಮನೆಗೆ ಬಂದೆ, ಆಮೇಲೆ ಗಾಡಿ ಒಯ್ದದ್ದು ರುಕ್ಮಯ್ಯ ಎಂದರಾಯಿತು. ಒಂದೇ ಸುಳ್ಳನ್ನು ಎರಡು ದೇಶಕ್ಕೆ ಎರಡು ಅಳತೆಯಲ್ಲಿ ಹೊಲಿಯಬೇಕಿತ್ತು, ಅಷ್ಟೇ. ಅವಳೇನು ಏಳು ಸಮುದ್ರದಾಚೆಯಿಂದ ಪೊಲೀಸರಿಗೆ ಸಾಕ್ಷಿ ಹೇಳಲು ಬರುತ್ತಾಳೆಯೇ? ಹೇಳಬಲ್ಲ ಒಂದೇ ಬಾಯಿ ತನ್ನ ಹೆಂಡತಿಯದು ಎಂದು ಅವನು ಧೈರ್ಯ ತಂದುಕೊಂಡ.

ಸ್ಟೇಷನ್ನಿಗೆ ಹೋಗುವ ಮೊದಲು ರುಕ್ಮಯ್ಯ ಒಂದು ಹಟ ಹಿಡಿದ. ಶೇಖರ ಏನಾದನೆಂದು ತಿಳಿಯದೆ ತಾನು ಹೆಜ್ಜೆ ಇಡುವುದಿಲ್ಲ ಎಂದ. ತಿರುವಿನ ಹತ್ತಿರ ಇದ್ದವರನ್ನು ಕೇಳಿದಾಗ, ಹಿಂದಿನಿಂದ ಬಂದ ಆಟೋದವರು ಎತ್ತಿಕೊಂಡು ಹೋದರು, ಉಸಿರು ಇತ್ತು, ಕಾಲು ಮಾತ್ರ ನೋಡುವ ಹಾಗಿರಲಿಲ್ಲ ಎಂದರು. ರುಕ್ಮಯ್ಯ ರಸ್ತೆಯ ಪಕ್ಕ ಕೂತು ಟವೆಲಿನಲ್ಲಿ ಮುಖ ಒರೆಸಿಕೊಂಡ. ಹಾಲು ಆಗಲೇ ಒಣಗಿ ಟಾರಿನ ಮೇಲೆ ಬಿಳಿ ಕಲೆಯಾಗಿತ್ತು. ಶೋಧನ್ ಅದನ್ನು ನೋಡದಂತೆ ನಿಂತ.

ಎಲ್ಲವೂ ಹೇಳಿಕೊಟ್ಟಂತೆ ನಡೆಯಿತು. ಅಳುಕುತ್ತ ಬಂದು ತಪ್ಪೊಪ್ಪಿಕೊಂಡ ಮುದುಕ ಡ್ರೈವರು. ಜೊತೆಯಲ್ಲಿ ಸಜ್ಜನ ಮಾಲೀಕ. ಸ್ಟೇಷನ್ನಿನಲ್ಲಿ ಎಲ್ಲರೂ ಶೋಧನ್‌ಗೆ ಕುರ್ಚಿ ಕೊಟ್ಟರು. ರುಕ್ಮಯ್ಯ ನಿಂತೇ ಇದ್ದ. ಯಾಕೆ ನಿಲ್ಲಿಸಲಿಲ್ಲ ಎಂದು ಗದರಿದಾಗ ಅವನಿಗೆ ಬಾಯಿ ಬರಲಿಲ್ಲ. ಹೆದರಿಕೆ ಎಂದು ಶೋಧನ್‌ನೇ ಹೇಳಬೇಕಾಯಿತು. ರುಕ್ಮಯ್ಯನ ಲೈಸೆನ್ಸನ್ನು ತೆಗೆದಿಟ್ಟುಕೊಂಡು ಜಾಮೀನಿನಲ್ಲಿ ಬಿಟ್ಟರು. ಅದು ಬರಿಯ ಕಾರ್ಡಲ್ಲ, ಅವನ ಅನ್ನ ಎಂಬುದು ಶೋಧನ್‌ಗೆ ಗೊತ್ತಿತ್ತು. ಅಂದು ಮಧ್ಯಾಹ್ನ ಶೋಧನ್ ಬಿ.ಸಿ.ರೋಡಿಗೆ ಬಸ್ಸಿನಲ್ಲಿ ಹೋಗಿ, ಶರೀಫ್‌ನ ಅಂಗಡಿಯಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟ. ಪರದೆ ಮಂಗಳೂರಿನಿಂದ ಬರಬೇಕು, ನಾಳೆ ಸಂಜೆ ಬನ್ನಿ ಎಂದ ಶರೀಫ್. ಅವಸರವಿಲ್ಲ ಎಂದ ಶೋಧನ್. ಮೊಬೈಲ್ ಇಲ್ಲದೆ ಒಂದು ದಿನ ಇರುವುದು ಅವನಿಗೆ ಹಿತವಾಗಿಯೇ ಕಂಡಿತು. ಮೂಡುಬಿದಿರೆಯ ಊಟ ತಪ್ಪಿಸಿದ್ದಕ್ಕೆ ಪಕ್ಕದ ಹಾಲಿನ ಬೂತಿನವನ ಫೋನಿನಿಂದ ಮಾವನಿಗೆ, ಡ್ರೈವರು ಹೀಗೆ ಮಾಡಿಕೊಂಡ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಮರುದಿನ ಬೆಳಿಗ್ಗೆ ವಾಹನದ ಮಾಲೀಕನ ಹೇಳಿಕೆಗೆ ಕರೆದರು. ಬರೆದುಕೊಳ್ಳಲು ಕೂತವನು ಭವಿತ್. ಅವನು ದೀಪಶ್ರೀಯ ಚಿಕ್ಕಪ್ಪನ ಮಗ, ಆ ಸ್ಟೇಷನ್ನಿನಲ್ಲೇ ಹೆಡ್ ಕಾನ್‌ಸ್ಟೆಬಲ್. ನೆಂಟನೇ ಬರೆಯುತ್ತಿದ್ದಾನೆಂದು ಶೋಧನ್‌ನ ಎದೆ ಹಗುರವಾಯಿತು. ಭವಿತ್ ಮೊದಲೇ ನಿಧಾನದ ಮನುಷ್ಯ, ಆವತ್ತು ಇನ್ನೂ ನಿಧಾನವಾಗಿದ್ದ. ಚಹಾ ತರಿಸಿದ. ಕೈಯಲ್ಲಿ ಪೆನ್ನು ತಿರುಗಿಸುತ್ತ, ನಿನ್ನೆ ನಿಮ್ಮ ಮದುವೆಯ ದಿನ ಅಲ್ವಾ ಭಾವ ಎಂದ. ಹೌದು, ಇಂಥ ದಿನವೇ ಹೀಗಾಯಿತು ನೋಡು ಎಂದ ಶೋಧನ್.

“ಬೆಳಿಗ್ಗೆ ದೀಪಕ್ಕನ ಫೋನ್ ಬರಲಿಲ್ವಾ?”

“ಎಲ್ಲಿಂದ? ಮೊಬೈಲ್ ಮೊನ್ನೆ ಸಂಜೆಯೇ ಬಿದ್ದು ಹಾಳಾಗಿತ್ತು. ಶರೀಫ್‌ನ ಹತ್ತಿರ ಉಂಟು.”

“ನೀವು ಗಾಡಿ ತೆಗೀಲೇ ಇಲ್ಲ, ಅಲ್ವಾ?”

“ಮನೆಯಿಂದಲೇ ಹೊರಗೆ ಬರಲಿಲ್ಲ ಮಾರಾಯ.”

ಭವಿತ್ ಪೆನ್ನನ್ನು ಮೇಜಿನ ಮೇಲಿಟ್ಟ. “ಭಾವ, ಅವಸರ ಇಲ್ಲ. ಚಹಾ ಕುಡೀರಿ. ಒಮ್ಮೆ ನೆನಪು ಮಾಡಿ ಹೇಳಿ, ಆಮೇಲೆ ಬರೀತೇನೆ.”

ನೆಂಟಸ್ತಿಕೆಯ ಮರ್ಯಾದೆ ಎಂದುಕೊಂಡ ಶೋಧನ್. ಚಹಾ ಕುಡಿದ. ನೆನಪು ಮಾಡುವಂಥದ್ದು ಏನಿದೆ ಎಂದು ನಕ್ಕು, ಅದನ್ನೇ ಮತ್ತೊಮ್ಮೆ, ಮೊದಲಿಗಿಂತ ಸ್ಪಷ್ಟವಾಗಿ ಹೇಳಿದ. ಭವಿತ್ ತಲೆ ಎತ್ತದೆ ಬರೆದ, ಓದಿ ಹೇಳಿದ. ಶೋಧನ್ ಸಹಿ ಹಾಕಿದ. ಪೊಲೀಸರ ಪತ್ರದ ವಿಷಯ ಇವನಲ್ಲೇ ಕೇಳಿಬಿಡಲೇ ಎಂದೂ ಅನ್ನಿಸಿತು, ಇವತ್ತು ಬೇಡವೆಂದು ಸುಮ್ಮನಾದ.

ಅಲ್ಲಿಂದ ಮಂಗಳೂರಿನ ಆಸ್ಪತ್ರೆಗೆ ಹೋದ. ಸಜ್ಜನ ಮಾಲೀಕನಾದವನು ಹೋಗಲೇಬೇಕಿತ್ತು, ಕಿತ್ತಳೆಯನ್ನೂ ಒಯ್ದ. ಶೇಖರನಿಗೆ ಎಚ್ಚರವಾಗಿದೆ ಎಂದು ಹೊರಗೆ ಅವನ ಹೆಂಡತಿ ಹೇಳಿದಾಗ ಶೋಧನ್ ಕಿತ್ತಳೆಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಯೋಜನೆಯಲ್ಲಿ ಇದೊಂದೇ ಅವನ ಕೈಯಲ್ಲಿಲ್ಲದ ಸಂಗತಿ. ಆದರೆ ಶೇಖರನಿಗೆ ಬಿಳಿ ಮಂಜು ಬಿಟ್ಟರೆ ಬೇರೇನೂ ನೆನಪಿರಲಿಲ್ಲ. ಪೊಲೀಸರಿಗೂ ಹಾಗೆಯೇ ಹೇಳಿದನಂತೆ. ರುಕ್ಮಯ್ಯ ಬೆಳಿಗ್ಗೆಯೇ ಬಂದು ಕಾಲಿನ ಹತ್ತಿರ ನಿಂತು ಅತ್ತುಹೋದ, ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ ಎಂದಳು ಹೆಂಡತಿ. ಶೇಖರನ ಒಂದು ಕಾಲು ಮೊಣಕಾಲಿನವರೆಗೆ ಮಾತ್ರ ಹೊದಿಕೆಯನ್ನು ಎತ್ತಿಹಿಡಿದಿತ್ತು. ಅದರ ಕೆಳಗೆ ಹೊದಿಕೆ ಚಪ್ಪಟೆಯಾಗಿತ್ತು. ಕೆಂಪು ಟೋಪಿ ಇಲ್ಲದ ಅವನ ತಲೆಯಲ್ಲಿ ಅಷ್ಟು ನರೆ ಇದೆಯೆಂದು ಶೋಧನ್‌ಗೆ ಇದುವರೆಗೆ ಗೊತ್ತಿರಲಿಲ್ಲ. ಔಷಧಿಯ ಮಂಪರಿನಲ್ಲಿ ಅವನು ಕಣ್ಣು ತೆರೆದು, ಯಾರೆಂದು ಗುರುತಿಸಿ, ತುಟಿ ಅಲ್ಲಾಡಿಸಿದ. ಶೋಧನ್ ಬಗ್ಗಿ ಕಿವಿ ಕೊಟ್ಟ.

“ವೀಸಾ ಬಂತಾ?”

ಶೋಧನ್ ನೆಟ್ಟಗಾದ. ಕಿತ್ತಳೆಯ ಚೀಲವನ್ನು ಸ್ಟೂಲಿನ ಮೇಲಿಟ್ಟು ಹೊರಗೆ ಬಂದು, ಮೆಟ್ಟಿಲ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತ. ಇಷ್ಟು ವರ್ಷ ತನ್ನದು ನಾಚಿಕೆ ಎಂದುಕೊಂಡದ್ದೆಲ್ಲ ಬರಿಯ ಮುಜುಗರ. ನಾಚಿಕೆ ಎಂದರೆ ಇದು ಎಂದು ಅವನಿಗೆ ಗೊತ್ತಾಯಿತು. ಈಗಲೂ ಹೋಗಬಹುದು, ಭವಿತ್‌ನ ಎದುರು ಕೂತು ಇನ್ನೊಂದು ಚಹಾ ಕೇಳಬಹುದು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಶೇಖರನಿಗೆ ನೆನಪಿಲ್ಲ, ಹೇಳಿಕೆ ಮುಗಿದಿದೆ, ಎಲ್ಲಿಯೂ ಬಿರುಕಿಲ್ಲ. ಹೋದ ಕಾಲು ತಾನು ಒಪ್ಪಿಕೊಂಡರೆ ಬರುತ್ತದೆಯೇ? ಅಲ್ಲಿಗೆ ಹೋಗಿ ದುಡಿದು ಶೇಖರನನ್ನೂ ರುಕ್ಮಯ್ಯನನ್ನೂ ಜೀವಮಾನವಿಡೀ ನೋಡಿಕೊಳ್ಳುತ್ತೇನೆ ಎಂದು ಗೋಡೆಗೆ ಮಾತು ಕೊಟ್ಟ. ನಾಚಿಕೆ ಅದರಿಂದ ಹೋಗಲಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಕೂತಿತು.

ಸಂಜೆ ಬಿ.ಸಿ.ರೋಡಿನಲ್ಲಿ ಬಸ್ಸಿಳಿದಾಗ ಎಂದಿನ ಗದ್ದಲವಿತ್ತು; ಧರ್ಮಸ್ಥಳ, ಪುತ್ತೂರು, ಮೂಡುಬಿದಿರೆ ಎಂದು ಕಂಡಕ್ಟರುಗಳು ಕೂಗುತ್ತಿದ್ದರು. ಶರೀಫ್ ಹೊಸ ಪರದೆ ಹಾಕಿ ಮೊಬೈಲನ್ನು ಒರೆಸಿ ಕೊಟ್ಟ. ಎಲ್ಲ ಹಾಗೇ ಉಂಟು, ಏನೂ ಹೋಗಲಿಲ್ಲ ಎಂದ. ಶೋಧನ್ ಅಲ್ಲೇ ನಿಂತು ಮೊಬೈಲ್ ಆನ್ ಮಾಡಿದ. ಒಂದರ ಮೇಲೊಂದು ಸಂದೇಶಗಳು ಬೀಳತೊಡಗಿದವು. ಹೆಚ್ಚಿನವು ಅವನು ಸದ್ದಡಗಿಸಿ ಇಟ್ಟಿದ್ದ, ಎಂದೂ ತೆರೆದು ನೋಡದ ಒಂದು ಗ್ರೂಪಿನಿಂದ: ಮೂಡುಬಿದಿರೆಯ ಹೆಂಡತಿಯ ತರವಾಡು ಮನೆಯ, ಅಂದರೆ ಇಡೀ ಕುಟುಂಬದವರ ಗ್ರೂಪು.

ಪ್ರತಿ ವರ್ಷ ಮದುವೆಯ ದಿನ ಬಂಧುಗಳ ಹಾರೈಕೆಯನ್ನು ಪುರಾವೆಗೆ ಸೇರಿಸಲು ಅವಳು ಆ ಗ್ರೂಪಿನಲ್ಲಿ ಒಂದು ಫೋಟೋ ಹಾಕುತ್ತಿದ್ದಳು. ಈ ವರ್ಷದ್ದೂ ಇತ್ತು. ನಿನ್ನೆ ಬೆಳಿಗ್ಗೆ, ಕರೆ ಕಟ್ಟಾದ ಕೂಡಲೇ, ಮಲಗುವ ಮುಂಚೆ ಹಾಕಿದ್ದು. ಪರದೆಯ ಮೂಲೆಯಲ್ಲಿ ಕುಂಕುಮ ಇಟ್ಟ ಅವಳ ಮುಖ, ಉಳಿದಂತೆ ತುಂಬ ಅವನೇ: ಸೀಟ್ ಬೆಲ್ಟು, ಸ್ಟಿಯರಿಂಗಿನ ಮೇಲೆ ಕೈ, ರೂಢಿಯ ನಗು, ಹಿಂದಿನ ಗಾಜಿನಲ್ಲಿ ಆಗ ತಾನೇ ದಾಟಿದ ಡೈರಿಯ ನೀಲಿ ಗೋಡೆ. ‘ಈಗಷ್ಟೇ ಮಾತಾಡಿದ್ದು. ನನ್ನವರು ವೀಸಾ ಫೋಟೋಕ್ಕೆ ಬಿ.ಸಿ.ರೋಡಿಗೆ ಹೊರಟಿದ್ದಾರೆ. ಎಲ್ಲರೂ ಹರಸಿ’ ಎಂದು ಕೆಳಗೆ ಬರೆದಿದ್ದಳು. ಎಲ್ಲರೂ ಹರಸಿದ್ದರು. ಮಾವ ಹರಸಿದ್ದರು, ಅತ್ತೆಯಂದಿರು ಹೂವು ಕಳಿಸಿದ್ದರು, ಮುಂಬೈಯ ಸುಬ್ಬಯ್ಯ ಮಾವ ಶತಮಾನಂ ಭವತಿ ಎಂದಿದ್ದರು. ಅವರೆಲ್ಲರಿಗಿಂತ ಮೊದಲು, ಸ್ಟೇಷನ್ನಿಗೆ ಅಪಘಾತದ ಸುದ್ದಿ ಮುಟ್ಟುವ ಮುಂಚೆಯೇ ಭವಿತ್ ಬರೆದಿದ್ದ: ‘ಶುಭಾಶಯ ದೀಪಕ್ಕ. ಗಾಡಿ ಓಡಿಸುವಾಗ ವಿಡಿಯೋ ಕಾಲ್ ಬೇಡ ಅಂತ ಭಾವನಿಗೆ ಸ್ವಲ್ಪ ಹೇಳಿ.’ ಶೋಧನ್ ತಲೆ ಎತ್ತಿದ. ಅಂಗಡಿಯ ಮೆಟ್ಟಿಲ ಕೆಳಗೆ, ಹೆಲ್ಮೆಟನ್ನು ಕೈಯಲ್ಲಿ ಹಿಡಿದು, ಅವನು ಪೂರ್ತಿ ಓದಿ ಮುಗಿಸಲಿ ಎಂಬಂತೆ ಭವಿತ್ ಕಾಯುತ್ತ ನಿಂತಿದ್ದ.